ಊಟಕ್ಕೆ ಉಡುವ ಉಡುಗೆ

ಒಂದು ಮುಂಜಾನೆ ನಾವು ಬಂಟ್ವಾಳದಿಂದ ಮನೆಮಂದಿಯೊಡನೆ ಮೂಡುಬಿದಿರೆಗೆ ಹೊರಟೆವು. ನಮ್ಮ ಸೋದರತ್ತೆಯವರು ಮೊದಲು ಬರಲೊಲ್ಲೆನೆಂದರು. “ನಾಲ್ವರ ನಡುವೆ ಉಣ್ಣಲು ಕೂರುವಂಥ ಸೀರೆ ನನ್ನಲ್ಲಿಲ್ಲ” ಎಂಬುದೇ ಅವರ ಕಾರಣ. ಒತ್ತಾಯಪಡಿಸಿ ಕರೆದೊಯ್ದೆವು.

1430ರ ಸುಮಾರಿಗೆ ಕಟ್ಟಿಸಿದ ಸಾವಿರ ಕಂಬದ ಬಸದಿಯಲ್ಲಿ ವಿದೇಶೀಯರ ತಂಡವೊಂದಿತ್ತು. ನವಮಂಗಳೂರು ಬಂದರಿಗೆ ಬಂದ ವಿಹಾರನೌಕೆಯ ಪ್ರವಾಸಿಗಳಂತೆ. ಈಗ ಸಡಿಲವಾದ ಹತ್ತಿಯ ಅಂಗಿ, ಬರಿಗಾಲು. ಆದರೆ ಇಂಥ ಕೆಲವು ಹಡಗುಗಳಲ್ಲಿ ವಿಶೇಷ ರಾತ್ರಿಗಳಂದು ಗಂಡಸರು ಕೋಟು-ನೆಕ್‌ಟೈಗಳನ್ನೂ ಹೆಂಗಸರು ಅದಕ್ಕೊಪ್ಪುವ ಔಪಚಾರಿಕ ಉಡುಪನ್ನೂ ಧರಿಸಿಯೇ ದೊಡ್ಡ ಭೋಜನಶಾಲೆಗೆ ಬರತಕ್ಕದ್ದು. ಉಳಿದವರು ಬೇರೆಡೆ ಉಣ್ಣತಕ್ಕದ್ದು. ಇದಕ್ಕೆ ನಗುವ ಹಕ್ಕು ನಮಗಿಲ್ಲ. ಮಡಿಯ ಹೆಸರಿನಲ್ಲಿ ಪಂಕ್ತಿಗಳನ್ನು ಬೇರ್ಪಡಿಸಿದವರು ನಾವೇ ಅಲ್ಲವೆ?

ವೇಣೂರು, ಬೆಳ್ತಂಗಡಿಗಳನ್ನು ದಾಟಿ ಮಧ್ಯಾಹ್ನಕ್ಕೆ ಧರ್ಮಸ್ಥಳವನ್ನು ಸೇರಿದೆವು. ಮಂಜುನಾಥನ ಸನ್ನಿಧಿಯಲ್ಲಿ ಗಂಡಸರೆಲ್ಲರೂ ಅಂಗಿ ಕಳಚಬೇಕು; ಬೆಲೆಬಾಳುವ ಅಂಗಿಗೂ ಹರಕು ಅಂಗಿಗೂ ಅಲ್ಲಿ ತೋಳಿನ ಮೇಲೆ ಒಂದೇ ಸ್ಥಾನ. ಅನ್ನಪೂರ್ಣ ಭೋಜನಶಾಲೆಯಲ್ಲಿ ನೂರಾರು ಜನ ಸಾಲಾಗಿ ಕುಳಿತಿದ್ದರು. ಅತ್ತೆಯವರ ಎಡಕ್ಕೆ ರೇಶ್ಮೆಯ ಸೀರೆಯುಟ್ಟ ಗೃಹಿಣಿ, ಬಲಕ್ಕೆ ಮಾಸಿದ ಸೀರೆಯ ಮುದುಕಿ. ಬಡಿಸುವವರ ಸೌಟು ಯಾರ ಸೆರಗನ್ನೂ ನೋಡಲಿಲ್ಲ. ಅತ್ತೆಯವರು ತೇಪೆಯ ಸೆರಗನ್ನು ಮರೆತು, ಎರಡನೆಯ ಸಲವೂ ಅನ್ನ-ಸಾರು ಹಾಕಿಸಿಕೊಂಡರು.

ಊಟಕ್ಕೆ ಶುಚಿಯಾದ ಬಟ್ಟೆ ಬೇಕು, ನಿಜ. ಅದು ಅನ್ನಕ್ಕೂ ನೆರೆಯವರಿಗೂ ಸಲ್ಲಿಸುವ ಮರ್ಯಾದೆ. ಆದರೆ ಬಟ್ಟೆಯ ನಾಚಿಕೆಯಿಂದ ಯಾರೂ ಎಲೆಯಿಂದ ದೂರ ಉಳಿಯದಂತೆ ನೋಡಿಕೊಳ್ಳುವುದು ಕರೆದವರ ಹೊಣೆ. ಮನೆಯ ಮದುವೆ-ಮುಂಜಿಗಳಲ್ಲಿ ನಾವು ಇದನ್ನು ನೆನೆದರೆ ಸಾಕು.