ತಂಗಿಯ ಪಿಎಚ್‌.ಡಿ., ಉಪ್ಪನ ಲೆಕ್ಕ

ಜತ್ತ ತಾಲೂಕಿನ ಕರಜಗಿ ಮಹಾರಾಷ್ಟ್ರದಲ್ಲಿದ್ದರೂ ಊರ ಮಾತು ಕನ್ನಡ. ಕರಾವಳಿಯಿಂದ ಬಂದ ಉಪ್ಪ ಇಲ್ಲಿ ಕಿರಾಣಿ ಅಂಗಡಿ ಇಟ್ಟರು. ಮೆಕ್ಯಾನಿಕಲ್ ಡಿಪ್ಲೊಮಾ ಆದಮೇಲೆ ನಾನು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದಿತ್ತು. ಕೇಳಲು ಧೈರ್ಯ ಸಾಲದೆ ಗಲ್ಲದ ಮುಂದೆ ಕುಳಿತೆ.

ತಂಗಿ ಕೇಳಿದಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವಳು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಿಎಚ್‌.ಡಿ.ಗೆ ಅರ್ಜಿ ಹಾಕಬೇಕಂತೆ.

"ಇನ್ನೂ ಐದು ವರ್ಷ ಓದಾ ಮೋನೆ? ದುಡ್ಡು ಎಲ್ಲಿಂದ? ಮದುವೆ ಯಾವಾಗ?" ಉಪ್ಪ ನನ್ನನ್ನು ಕೇಳಿದರು.

ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡೊಂದನ್ನು ಅವರ ಮುಂದಿಟ್ಟೆ. ನಾವು ಒಲೆಗೆ ಹಾಕುವ ಈ ದಿಂಡನ್ನು ಆಮ್ಲದ ಜೊತೆ ಕಾಯಿಸಿದರೆ ಅದರೊಳಗಿನ ಸಕ್ಕರೆ ಫರ್ಫ್ಯುರಾಲ್ ಆಗುತ್ತದೆ. ಫೌಂಡ್ರಿಯ ಮರಳಚ್ಚು ಗಟ್ಟಿ ಮಾಡುವ ರಾಳಕ್ಕೆ ಇದೇ ಮೂಲ. ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ 1920ರ ದಶಕದಲ್ಲೇ ಓಟ್ಸ್ ಹೊಟ್ಟಿನಿಂದ ಇದನ್ನು ತಯಾರಿಸಿತು. ಆದರೆ ದ್ರವ ಆಮ್ಲ ಪಾತ್ರೆ, ಪೈಪು ತಿನ್ನುತ್ತದೆ. ಕೊನೆಗೆ ಬೇರ್ಪಡಿಸುವುದೂ ಕಷ್ಟ. ಸೋಸಿ ತೆಗೆದು ಮತ್ತೆ ಬಳಸಬಹುದಾದ ಘನ ವೇಗವರ್ಧಕ ಹುಡುಕುವುದು ತಂಗಿಯ ಆಸೆ.

"ಇದಕ್ಕೆ ಸಂಬಳ ಉಂಟಾ?"

"2023ರಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ, ಕೆಲಸ ಒಪ್ಪಿಗೆಯಾದರೆ, 42,000."

ಉಪ್ಪ ಸುಮ್ಮನಾದರು. ನಮ್ಮ ಅಂಗಡಿಯಲ್ಲಿ ಎಷ್ಟೋ ತಿಂಗಳು ಅಷ್ಟು ಉಳಿಯುವುದಿಲ್ಲ. ಸಂಜೆ ಬಾಗಿಲು ಹಾಕುವಾಗ ಹೇಳಿದರು: "ನಾಳೆ ಜತ್ತಕ್ಕೆ ಕರ್ಕೊಂಡು ಹೋಗು. ಅರ್ಜಿಗೆ ಫೋಟೋ ಬೇಕಾಗ್ತದೆ."

ನಿಮ್ಮ ಮನೆಯ ಮಗಳೂ ಹೀಗೆ ಕೇಳಿದರೆ, ಬೇಡ ಅನ್ನುವ ಮೊದಲು ಲೆಕ್ಕ ಕೇಳಿ ನೋಡಿ.