ಮಗುವಿನ ಹೆಜ್ಜೆಯ ಅಳತೆ



ರಜೆ ಬಂದಿತೆಂದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಊರುಗಳ ಹೆಸರುಗಳು ಈಗ ಬದಲಾಗಿವೆ. ಹಿಂದೆ ಅಜ್ಜಿಯ ಊರು, ಹೆಚ್ಚೆಂದರೆ ಮೈಸೂರು, ಊಟಿ ಎನ್ನುತ್ತಿದ್ದವರು ಇಂದು ಬ್ಯಾಂಕಾಕ್, ಫುಕೆಟ್ ಎನ್ನುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ದುಡಿಯುವವರಿಗೆ ವಿಶ್ರಾಂತಿ ಬೇಕು. ಲೋಕ ವಿಶಾಲವಾಗಿದೆ ಎಂಬುದನ್ನು ಮಕ್ಕಳೂ ಕಾಣಬೇಕು. ಆದರೆ ಎಳೆಯ ಮಗುವನ್ನು ಎತ್ತಿಕೊಂಡು ಹೊರಟ ಪ್ರವಾಸ ನಿಜವಾಗಿ ಯಾರ ಪ್ರವಾಸ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳೂ ಅವಳ ಗಂಡನೂ ಇಬ್ಬರೂ ನೌಕರಿಯಲ್ಲಿರುವವರು. ಮಗಳಿಗೆ ಮೂರು ವರ್ಷ ತುಂಬಿದಾಗ ಅವರು ಥಾಯ್ಲೆಂಡಿಗೆ ಹೋಗಿ ಬಂದರು. ಏಳು ದಿನಗಳಲ್ಲಿ ಬ್ಯಾಂಕಾಕ್, ಅಯುತ್ಥಯ, ಚಿಯಾಂಗ್ ಮಾಯ್, ಫುಕೆಟ್. ಅಯೋಧ್ಯೆಯ ಹೆಸರನ್ನೇ ಹೊತ್ತು, ನಾನ್ನೂರು ವರ್ಷಗಳಿಗೂ ಮಿಗಿಲಾಗಿ ರಾಜಧಾನಿಯಾಗಿ ಮೆರೆದು, 1767ರಲ್ಲಿ ಬರ್ಮಾದ ಸೈನ್ಯದ ಕೈಯಲ್ಲಿ ಹಾಳಾದ ಅಯುತ್ಥಯದ ಇಟ್ಟಿಗೆಯ ಸ್ತೂಪಗಳ ನಡುವೆ ಮಗು ತಂದೆಯ ಹೆಗಲ ಮೇಲೆ ನಿದ್ರಿಸುತ್ತಿತ್ತು. ಚಿಯಾಂಗ್ ಮಾಯ್‌ನಲ್ಲಿ ಅದಕ್ಕೆ ಜ್ವರ. ಮರಳಿ ಬಂದ ಮೇಲೆ ಏನು ನೋಡಿದೆ ಎಂದು ಕೇಳಿದರೆ, ಯಾವುದೋ ದೇವಾಲಯದ ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕೊಂದರ ಸುದ್ದಿಯನ್ನೇ ಹೇಳುತ್ತಿತ್ತು. “ಮಾಮಾ, ಅಷ್ಟೆಲ್ಲ ಖರ್ಚು ಮಾಡಿ ತೋರಿಸಿದೆವು. ಇವಳಿಗೆ ನೆನಪಿರುವುದು ಬೆಕ್ಕು ಮಾತ್ರ” ಎಂದು ತಾಯಿ ನಗುತ್ತಲೇ ಹೇಳಿದಳು. ಆ ನಗುವಿನ ಹಿಂದೆ ದಣಿವಿತ್ತು.

ಮುಂದಿನ ವರ್ಷ, ಅಂದರೆ 2024ರ ಕ್ರಿಸ್ಮಸ್ ರಜೆಯಲ್ಲಿ ಅವರು ಕಲಬುರಗಿಗೆ ನನ್ನ ಬಳಿ ಬಂದರು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಮೂರು ದಿನ ತಿರುಗಾಡುವುದೆಂದು ನಿಶ್ಚಯವಾಯಿತು. ನಿಯಮ ಒಂದೇ: ದಿನಕ್ಕೊಂದು ದಿಕ್ಕು, ಉಳಿದುದನ್ನು ಮಗುವಿನ ಹಸಿವು, ನಿದ್ರೆಗಳು ತೀರ್ಮಾನಿಸಲಿ. ಸಾರಿಗೆ ಬಸ್ಸಿನಲ್ಲೇ ಹೊರಟೆವು. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಡಿ ಮಹಿಳೆಯರಿಗೆ ಪ್ರಯಾಣ ಉಚಿತ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲಿನಿಂದಲೂ ಟಿಕೆಟ್ ಇಲ್ಲ. ಹಣ ಕೊಡಬೇಕಾದವರು ಗಂಡಸರಿಬ್ಬರೇ!

ಡಿಸೆಂಬರ್ 30ರಂದು ಆಳಂದಕ್ಕೆ ಹೋದೆವು. ಅಲ್ಲಿನ ಲಾಡ್ಲೇ ಮಶಾಯಖ್ ದರ್ಗಾಕ್ಕೆ ಜಾತಿ ಮತಗಳ ಎಣಿಕೆಯಿಲ್ಲದೆ ಜನ ನಡೆದುಕೊಳ್ಳುತ್ತಾರೆ. ಬಾಗಿಲ ಬಳಿ ನಾವು ಮಾತಾಡುತ್ತಿರುವಷ್ಟರಲ್ಲಿ ಮಗು ಯಾರೂ ಹೇಳದೆಯೇ ತನ್ನ ಚಪ್ಪಲಿ ಕಳಚಿ, ಸಾಲಿನಲ್ಲಿ ಒಪ್ಪವಾಗಿಟ್ಟು, “ಬೆಕ್ಕಿನ ಮನೆಯಲ್ಲೂ ಹೀಗೇ ಇಟ್ಟಿದ್ದೆ” ಎಂದಿತು. ತಾಯಿ ಬೆರಗಾಗಿ ನನ್ನತ್ತ ನೋಡಿದಳು. ಮೂರು ವರ್ಷಕ್ಕಿಂತ ಹಿಂದಿನ ಘಟನೆಗಳು ದೊಡ್ಡವರಾದ ಮೇಲೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿರುವುದಿಲ್ಲ ಎಂದು ಮನಃಶಾಸ್ತ್ರಜ್ಞರು ಹೇಳುತ್ತಾರೆ. ಅರಮನೆಗಳು ಮರೆತುಹೋಗುತ್ತವೆ, ನಿಜ. ಆದರೆ ಪರರ ಪವಿತ್ರ ಸ್ಥಳದಲ್ಲಿ ಹೇಗೆ ಕಾಲಿಡಬೇಕೆಂಬುದನ್ನು ಆ ಪುಟ್ಟ ಪಾದಗಳು ಕಲಿತಿದ್ದವು. ಥಾಯ್ಲೆಂಡಿನ ಖರ್ಚು ವ್ಯರ್ಥವಾಗಿರಲಿಲ್ಲ.

ಅಂದು ಎಳ್ಳ ಅಮಾವಾಸ್ಯೆ. ಈ ಸೀಮೆಯ ರೈತರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ದಿನ. ವಿಮಾನ, ಹೋಟೆಲುಗಳಿಲ್ಲದ ಕಾಲದಿಂದಲೂ ಇಲ್ಲಿನ ಮಕ್ಕಳಿಗೆ ದೊರೆಯುತ್ತಾ ಬಂದಿರುವ ಪ್ರವಾಸವೆಂದರೆ ಇದೇ. ಕೋರಳ್ಳಿಯ ಅಮರ್ಜಾ ಜಲಾಶಯವನ್ನು ನೋಡಲೆಂದು ಟಂಟಂನಲ್ಲಿ ಹೋಗುತ್ತಿದ್ದ ನಮ್ಮನ್ನು ದಾರಿಬದಿಯ ಹೊಲದಿಂದ ಹಿರಿಯ ಹೆಣ್ಣುಮಗಳೊಬ್ಬಳು ಕೂಗಿ ಕರೆದಳು: “ಬರ್ರೀ, ಕೂಸಿಗಿ ಹಸಿವ್ಯಾಗಿರ್ತದ. ಉಂಡು ಹೋಗ್ರಿ.” ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಭೂತಾಯಿಗೆಂದು ಅನ್ನವನ್ನು ಹೊಲದ ತುಂಬ ಚೆಲ್ಲುವ ‘ಚರಗ’ದಲ್ಲಿ ನಮ್ಮ ಮಗುವಿನ ಕೈಗೂ ಒಂದು ಹಿಡಿ ಸಿಕ್ಕಿತು. ಕಡಲೆ ಗಿಡದ ಎಲೆಯ ಹುಳಿಯನ್ನು ನೆಕ್ಕಿ ಅದು ಮುಖ ಕಿವಿಚಿದಾಗ ಹೊಲವೆಲ್ಲ ನಕ್ಕಿತು. ಜಲಾಶಯ ಮುಟ್ಟುವಾಗ ಹೊತ್ತು ಇಳಿದಿತ್ತು. “ಅಜ್ಜಾ, ಈ ನೀರು ಎಲ್ಲಿಗೆ ಹೋಗ್ತದೆ?” ಎಂದು ಮಗು ಕೇಳಿತು. “ನಾಳೆ ತೋರಿಸುತ್ತೇನೆ” ಎಂದೆ.

ಮರುದಿನ ಅಫಜಲಪುರ ತಾಲೂಕಿನ ಗಾಣಗಾಪುರ. ಹದಿನೈದನೆಯ ಶತಮಾನದ ನರಸಿಂಹ ಸರಸ್ವತಿಯವರು ನೆಲೆಸಿದ್ದ ಈ ದತ್ತಕ್ಷೇತ್ರಕ್ಕೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಎಂಥ ಸಿರಿವಂತರಾದರೂ ಮಧ್ಯಾಹ್ನ ಜೋಳಿಗೆ ಹಿಡಿದು ಮನೆಮನೆಯ ಮುಂದೆ ಭಿಕ್ಷೆಗೆ ನಿಲ್ಲುವ ‘ಮಧುಕರಿ’ ಇಲ್ಲಿನ ಸಂಪ್ರದಾಯ. ಆಳಂದದ ಕಡೆಯಿಂದ ಬರುವ ಅಮರ್ಜೆ ಇಲ್ಲಿ ಭೀಮೆಯನ್ನು ಕೂಡುತ್ತಾಳೆ. “ನಿನ್ನೆಯ ನೀರು ಇಗೋ ಇಲ್ಲಿದೆ” ಎಂದೆ. ಮಗು ತಾಯಿಯ ಸೆರಗು ಹಿಡಿದು ದಡದಲ್ಲಿ ಕುಳಿತು ಒಂದೊಂದೇ ಎಲೆಯನ್ನು ನೀರಿಗೆ ಬಿಡತೊಡಗಿತು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಮೊದಮೊದಲು ಗಡಿಯಾರ ನೋಡುತ್ತಿದ್ದ ತಂದೆ ಆಮೇಲೆ ತಾನೂ ಕುಳಿತು ಎಲೆ ಆರಿಸಿ ಕೊಡತೊಡಗಿದ. “ಮಾಮಾ, ಇವಳ ಜೊತೆ ಸುಮ್ಮನೆ ಕುಳಿತು ಎಷ್ಟು ತಿಂಗಳಾಯಿತೋ ನೆನಪಿಲ್ಲ” ಎಂದು ಮೆಲ್ಲನೆ ಹೇಳಿದ. ವರ್ಷದ ಕೊನೆಯ ರಾತ್ರಿಯ ಪೂಜೆಗಾಗಿ ನಾನು ಬೇಗನೆ ಹಿಂತಿರುಗಬೇಕಿತ್ತು. ಅವರು ಇನ್ನೂ ಕುಳಿತೇ ಇದ್ದರು.

ಜನವರಿ 2ರಂದು ಜೇವರ್ಗಿ ದಾರಿಯಲ್ಲಿ ಕಟ್ಟಿಸಂಗಾವಿಯ ಸೇತುವೆ ದಾಟುವಾಗ ಮಗು ಬಸ್ಸಿನ ಕಿಟಕಿಗೆ ಮುಖವಿಟ್ಟು ತನ್ನ ಎಲೆಗಳನ್ನು ಹುಡುಕಿತು. ಭೀಮೆ ಇನ್ನೂ ಮುಂದೆ ಹರಿದು ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತಾಳೆಂದು ಹೇಳಿದೆ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ನಡೆದು ಬರುವ ನದಿಯದು.

ಜೇವರ್ಗಿಯ ಬಸ್ ನಿಲ್ದಾಣದಲ್ಲಿ ಗಂಟು ಮೂಟೆ, ಪಾತ್ರೆಗಳ ಚೀಲ, ನೀರಿನ ಕ್ಯಾನುಗಳೊಂದಿಗೆ ಒಂದು ಕುಟುಂಬ ಕುಳಿತಿತ್ತು. ಅವರಲ್ಲೂ ಅದೇ ವಯಸ್ಸಿನ ಒಬ್ಬ ಹುಡುಗ. ಮಕ್ಕಳಿಗೆ ಪರಿಚಯ ಮಾಡಿಸುವವರು ಬೇಕಿಲ್ಲ. ನಮ್ಮ ಹುಡುಗಿ ಹಸಿಕಡಲೆಯ ಕಟ್ಟನ್ನು ಅವನ ಮುಂದೆ ಹಿಡಿದು, “ನೀವೂ ಟೂರ್ ಹೋಗ್ತಿದ್ದೀರಾ?” ಎಂದು ಕೇಳಿತು. ಅವನ ತಾಯಿ ನಕ್ಕಳು. “ಹೂಂನವ್ವಾ, ನಾವೂ ಟೂರಿಗೇ ಹೊಂಟೀವಿ. ಪುಣೆಕ್ಕ. ತಿರುಗಿ ಬರೂದು ಉಗಾದಿಗಿ.” ಕಟ್ಟಡದ ಕೆಲಸಕ್ಕೆ ಹೊರಟವರು. ಮಳೆಯನ್ನೇ ನಂಬಿದ ಈ ತಾಲೂಕುಗಳ ಎಷ್ಟೋ ಮನೆಗಳು ಹೀಗೆಯೇ ಪುಣೆ, ಮುಂಬೈ, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ಅಂಗನವಾಡಿಗೋ ಶಾಲೆಗೋ ಹೋಗಬೇಕಾದ ಮಕ್ಕಳೂ ಜೊತೆಯಲ್ಲಿ ಹೋಗುತ್ತಾರೆ. ಬಸ್ಸು ಬಂತು. ಹುಡುಗ ಅರ್ಧ ಸುಲಿದ ಕಡಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹತ್ತಿದ. ನಮ್ಮವರಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಇಬ್ಬರೂ ಮಕ್ಕಳು ತಂದೆತಾಯಿಯರ ಕೈ ಹಿಡಿದು ಅವರು ಹೋದಲ್ಲಿಗೆ ಹೋಗುವವರೇ. ಎಲ್ಲಿಗೆ, ಏಕೆ ಎಂದು ತೀರ್ಮಾನಿಸುವ ಶಕ್ತಿ ಯಾವ ಮಗುವಿಗೂ ಇಲ್ಲ. ದುಡಿಮೆಗಾಗಿ ಹೊರಟ ಆ ತಾಯಿಗೆ ಮಗನ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸುವ ಅವಕಾಶವಿರಲಿಲ್ಲ. ನಮಗೆ ಇದೆ. ಇದ್ದೂ ನಾವು ಏಳು ದಿನಕ್ಕೆ ನಾಲ್ಕು ಊರು ಎಂದು ಓಡಿದರೆ, ಕೈಗೆ ಬಂದ ಭಾಗ್ಯವನ್ನು ನಾವೇ ಚೆಲ್ಲಿದಂತಾಗುತ್ತದೆ.

ಆದುದರಿಂದ ಓದುಗರೇ, ಮುಂದಿನ ರಜೆಗೆ ಥಾಯ್ಲೆಂಡಿಗೇ ಹೋಗಿರಿ, ಗಾಣಗಾಪುರಕ್ಕೇ ಹೋಗಿರಿ, ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಅರ್ಧವನ್ನು ಹೊರಡುವ ಮೊದಲೇ ಹೊಡೆದುಹಾಕಿರಿ. ಕುದಿಸಿ ಆರಿಸಿದ ನೀರು, ಓಆರ್‌ಎಸ್ ಪೊಟ್ಟಣ, ಬಾಳೆಹಣ್ಣು ಚೀಲದಲ್ಲಿರಲಿ. ಮಧ್ಯಾಹ್ನದ ನಿದ್ರೆಯನ್ನು ಯಾವ ಅರಮನೆಗೂ ಮಾರಬೇಡಿರಿ. ಮಗು ಬೆಕ್ಕಿನ ಮುಂದೆ ಕುಳಿತರೆ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಮತ್ತೆ ನಿಮ್ಮ ಊರಿನಲ್ಲಿ ಎಲ್ಲಾದರೂ ಕಟ್ಟಡ ಏಳುತ್ತಿದ್ದರೆ, ಮರಳಿನ ರಾಶಿಯ ಮೇಲೆ ಆಡುತ್ತಿರುವ ಮಕ್ಕಳು ಯಾವ ಊರಿನವರೆಂದು ನಿಂತು ಕೇಳಿರಿ. ಹತ್ತಿರದ ಅಂಗನವಾಡಿಯ ದಾರಿಯನ್ನು ಅವರ ತಾಯಿಗೆ ತೋರಿಸಿಕೊಡಿರಿ. ಅವರಲ್ಲೊಬ್ಬ ಜೇವರ್ಗಿಯವನಿರಬಹುದು.