ಕತ್ತರಿ, ಗೋಂದು ಮತ್ತು ಒಂದು ವರ್ಷ

ಈ ಪುಟಕ್ಕೆ ಬರುವವರು ಸಾಮಾನ್ಯವಾಗಿ ಶಾಲೆ, ತಪಾಸಣೆ, ಪರೀಕ್ಷೆ, ಹಳೆಯ ವಿದ್ಯಾರ್ಥಿಗಳು ಇವನ್ನೇ ನಿರೀಕ್ಷಿಸುತ್ತೀರಿ. ಈ ಬಾರಿ ನಾನು ಬರೆಯಹೊರಟಿರುವುದು ಜಪಾನಿನ ಅನಿಮೇಷನ್ ಚಿತ್ರಗಳ ಬಗ್ಗೆ ಎಂದರೆ ಕೆಲವರಾದರೂ ಹುಬ್ಬೇರಿಸಬಹುದು. ಆದರೆ ಕೊನೆಗೆ ಇದೂ ನನ್ನ ತರಗತಿಯ ಕೋಣೆಗೇ ಬಂದು ನಿಲ್ಲುವ ಕಥೆ. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ನಿವೃತ್ತನಾದ ಮರುವರ್ಷವೇ, ಅಂದರೆ 2018ರಲ್ಲಿ, ನನ್ನಾಕೆ ತೀರಿಕೊಂಡಳು. ಒಂಟಿಯಾಗಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಮಗಳು 2020ರ ಫೆಬ್ರವರಿಯಲ್ಲಿ ಅಮೆರಿಕದ ಅಟ್ಲಾಂಟಾಕ್ಕೆ ಕರೆಸಿಕೊಂಡಳು. ಮೂರು ತಿಂಗಳಿದ್ದು ಮರಳುವುದೆಂದು ನಮ್ಮ ಲೆಕ್ಕ. ಮಾರ್ಚಿನಲ್ಲಿ ವಿಮಾನಗಳೆಲ್ಲ ನಿಂತವು. ವಾಸ್ತವ್ಯದ ಅನುಮತಿಯನ್ನು ವಿಸ್ತರಿಸಿಕೊಳ್ಳುತ್ತ, ಮೂರು ತಿಂಗಳು ಎಂದದ್ದು ಪೂರ್ತಿ ಒಂದು ವರ್ಷವಾಯಿತು. ಮಗಳು, ಅಳಿಯ ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ದುಡಿಯುವವರು. ಒಂಬತ್ತನೆಯ ತರಗತಿಯ ಮೊಮ್ಮಗನಿಗೂ ಮನೆಯಲ್ಲೇ ಪಾಠ. ಬಾಗಿಲು ತೆರೆದಿದ್ದ ಕೋಣೆಯೆಂದರೆ ಅವನದೊಂದೇ.

ಏಪ್ರಿಲ್‌ನ ಒಂದು ರಾತ್ರಿ ನೀರು ಕುಡಿಯಲೆಂದು ಎದ್ದವನು ಅವನ ಕೋಣೆಯಲ್ಲಿ ಬೆಳಕು ಕಂಡು ಇಣುಕಿದೆ. ಪರದೆಯ ಮೇಲೆ ದೊಡ್ಡ ಕಣ್ಣುಗಳ ಹುಡುಗಿಯೊಬ್ಬಳು ಮಳೆಯಲ್ಲಿ ಓಡುತ್ತಿದ್ದಳು. ಹಿನ್ನೆಲೆಗೆ ಒಂದು ಇಂಗ್ಲಿಷ್ ಹಾಡು. ನಾಲ್ಕು ಸೆಕೆಂಡಿನಷ್ಟು ಓಡಿ, ನಿಂತು, ಮತ್ತೆ ಮೊದಲಿನಿಂದ ಓಡುವಳು. ಏನಪ್ಪಾ ಇದು ಎಂದೆ. ಜಪಾನಿನ ಅನಿಮೆ ಚಿತ್ರಗಳ ದೃಶ್ಯಗಳನ್ನು ಕತ್ತರಿಸಿ ಬೇರೊಂದು ಹಾಡಿಗೆ ಹೊಂದಿಸುವ ಕಲೆ, ಇದಕ್ಕೆ ‘ಎಎಂವಿ’ ಎನ್ನುತ್ತಾರೆ, ಅನಿಮೆ ಮ್ಯೂಸಿಕ್ ವಿಡಿಯೋ ಎಂದು ಅವನು ಉತ್ಸಾಹದಿಂದ ವಿವರಿಸಿದ. ಜುಲೈನಲ್ಲಿ ಲಾಸ್ ಏಂಜಲೀಸ್‌ನ ‘ಅನಿಮೆ ಎಕ್ಸ್‌ಪೋ’ ಸಮಾವೇಶದ ಸ್ಪರ್ಧೆಗೆ ಕಳಿಸಬೇಕೆಂಬ ಆಸೆ ಅವನದು.

ನಾನು ಮೇಷ್ಟ್ರು. ಪ್ರಶ್ನೆ ಕೇಳದೆ ಇರಲಾರೆ.

“ಚಿತ್ರ ಬರೆದವರು ಯಾರು?”

“ಜಪಾನಿನವರು, ತಾತ.”

“ಹಾಡಿದವರು?”

“ಅದು ಬೇರೆ ಒಂದು ಬ್ಯಾಂಡು.”

“ಹಾಗಾದರೆ ಇದರಲ್ಲಿ ನಿನ್ನದೇನಿದೆ?”

ಮೊಮ್ಮಗ ಒಂದು ಕ್ಷಣ ನನ್ನ ಮುಖ ನೋಡಿದ. “ಏನಿಲ್ಲ ತಾತ” ಎಂದು ಲ್ಯಾಪ್‌ಟಾಪ್ ಮುಚ್ಚಿದ. ಮರುದಿನದಿಂದ ಆ ಕೋಣೆಯ ಬಾಗಿಲೂ ಮುಚ್ಚಿತು.

ಹಾಸಿಗೆಯಲ್ಲಿ ಮಲಗಿದರೂ ನಿದ್ದೆ ಬರಲಿಲ್ಲ. ಅದೇ ಮಾತನ್ನು, ಅದೇ ಧ್ವನಿಯಲ್ಲಿ, ನಾನು ಹಿಂದೊಮ್ಮೆ ಆಡಿದ್ದೆ. 1989ರಲ್ಲಿ ತಿಪಟೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಪಾಠದ ನಡುವೆ ಒಂದು ನೋಟ್‌ಬುಕ್ಕನ್ನು ಮೇಜಿನ ಕೆಳಗೆ ಅಡಗಿಸಿದ. ಕಿತ್ತುಕೊಂಡು ನೋಡಿದೆ. ‘ಸುಧಾ’, ‘ಪ್ರಜಾಮತ’, ‘ರೂಪತಾರಾ’ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಮೈದಾ ಗೋಂದಿನಲ್ಲಿ ಅಂಟಿಸಿ, ಪ್ರತಿಯೊಂದರ ಕೆಳಗೂ ಸಿನಿಮಾ ಹಾಡಿನ ಒಂದೊಂದು ಸಾಲು ಬರೆದಿದ್ದ. ಪುಟ ತಿರುಗಿಸುತ್ತ ಹೋದರೆ ಒಂದು ಕಥೆಯಾಗುವಂತೆ ಅವನ್ನು ಜೋಡಿಸಿದ್ದ. ಅದು ಕಥೆಯೆಂಬುದು ನನಗೆ ಆಗಲೂ ತಿಳಿದಿತ್ತು. ಆದರೂ “ಇದರಲ್ಲಿ ನಿನ್ನದೇನಿದೆಯೋ?” ಎಂದು ತರಗತಿಯ ಮುಂದೆ ಕೇಳಿ, ನೋಟ್‌ಬುಕ್ಕನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ. ಹುಡುಗರೆಲ್ಲ ನಕ್ಕರು.

ನಾಲ್ಕು ದಿನಗಳ ನಂತರ ನಾನೇ ಮೊಮ್ಮಗನ ಬಾಗಿಲು ತಟ್ಟಿದೆ. “ನನಗೆ ಅರ್ಥವಾಗದ್ದನ್ನು ಬೈದೆ. ಈಗ ಕಲಿಸು” ಎಂದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದವನಿಗೆ ಶಿಷ್ಯವೃತ್ತಿ ಸುಲಭವಲ್ಲ. ಆದರೂ ಹುಡುಗ ಒಳ್ಳೆಯ ಗುರು.

ಈ ಕಲೆಗೆ ನಾನೆಣಿಸಿದ್ದಕ್ಕಿಂತ ಹೆಚ್ಚು ವಯಸ್ಸಾಗಿದೆ. 1982ರಲ್ಲಿ ಜಿಮ್ ಕಪೋಸ್ತಾಸ್ ಎಂಬ 21 ವರ್ಷದ ಅಮೆರಿಕನ್ ತರುಣ ಎರಡು ವಿಸಿಆರ್‌ಗಳನ್ನು ಒಂದಕ್ಕೊಂದು ಜೋಡಿಸಿ, ‘ಸ್ಟಾರ್ ಬ್ಲೇಜರ್ಸ್’ ಎಂಬ ಜಪಾನೀ ಮೂಲದ ಧಾರಾವಾಹಿಯ ಅತ್ಯಂತ ಹಿಂಸೆಯ ದೃಶ್ಯಗಳನ್ನು ಆರಿಸಿ, ಪ್ರೀತಿಯೊಂದೇ ಸಾಕೆನ್ನುವ ಬೀಟಲ್ಸ್ ತಂಡದ ಹಾಡಿಗೆ ಕೂಡಿಸಿದ. ಇದನ್ನೇ ಮೊದಲ ಎಎಂವಿ ಎನ್ನುತ್ತಾರೆ. ಆಗ ಕಂಪ್ಯೂಟರಿನ ನೆರವಿಲ್ಲ. ಒಂದು ಯಂತ್ರದಲ್ಲಿ ಟೇಪು ಓಡಿಸಿ, ಇನ್ನೊಂದರಲ್ಲಿ ಬೇಕಾದಷ್ಟೇ ಮುದ್ರಿಸಿ, ಹಾಡಿನೊಡನೆ ತಾಳೆ ನೋಡಬೇಕು. ಹಾಡು ಒಂದೆಡೆ, ನೋಟ ಇನ್ನೊಂದೆಡೆ. ಎರಡೂ ಸೇರಿದಾಗ ಹುಟ್ಟುವ ವ್ಯಂಗ್ಯ ಮಾತ್ರ ಅವೆರಡರಲ್ಲೂ ಇರಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಸೂಕ್ಷ್ಮಗಳನ್ನೂ ಕಲಿತೆ. ಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಆದರೆ ಜಪಾನೀ ಕಲಾವಿದರು ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟುಗಳವರೆಗೆ ಉಳಿಸಿಕೊಂಡು ಶ್ರಮ ಉಳಿಸುತ್ತಾರೆ. ಪಾತ್ರ ಮಾತಾಡುವಾಗಲೂ ಬಾಯಿಗೆ ಇರುವುದು ಕೆಲವೇ ಭಂಗಿಗಳು: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಹಾಗಾಗಿಯೇ ಆ ತುಟಿಗಳಿಗೆ ಯಾವ ಭಾಷೆಯ ಹಾಡನ್ನಾದರೂ ತೊಡಿಸಬಹುದು. ನಿಮಿಷಕ್ಕೆ 120 ಪೆಟ್ಟು ಬೀಳುವ ಹಾಡಿನಲ್ಲಿ ಒಂದೊಂದು ಪೆಟ್ಟಿಗೆ 12 ಚೌಕಟ್ಟು. ಹೊಸಬರು ಪ್ರತಿ ಪೆಟ್ಟಿಗೂ ದೃಶ್ಯ ಬದಲಿಸುತ್ತಾರೆ. ಪಳಗಿದವರು ಎಲ್ಲಿ ಬದಲಿಸಬಾರದೆಂಬುದನ್ನು ಬಲ್ಲರು. ಇದನ್ನು ಕೇಳಿ ನನಗೆ ಹಿಗ್ಗಾಯಿತು. ಭಾಮಿನಿ ಷಟ್ಪದಿಯ ಮೂರು ನಾಲ್ಕರ ನಡೆಯನ್ನು, ಒಟ್ಟು 102 ಮಾತ್ರೆಗಳ ಲೆಕ್ಕವನ್ನು ಅವನಿಗೆ ವಿವರಿಸಿದೆ. ಗಮಕಿಗಳು ಆ ಲೆಕ್ಕಕ್ಕೆ ಕಟ್ಟುಬೀಳದೆ ಅರ್ಥಕ್ಕೆ ತಕ್ಕಂತೆ ನಿಲ್ಲಿಸಿ ಓದುವುದನ್ನು ಹಾಡಿ ತೋರಿಸಿದೆ. “ಇದೇ ತಾತ, ಇದೇ!” ಎಂದ.

ಅವನ ಬಳಗವೂ ಪರಿಚಯವಾಯಿತು. ಈ ಜನ ತಮ್ಮನ್ನು ಎಡಿಟರ್‌ಗಳೆಂದೇ ಕರೆದುಕೊಳ್ಳುತ್ತಾರೆ. ಕೃತಿ ಮುಗಿಯುವ ಮುನ್ನ ನಂಬಿಕೆಯ ಒಬ್ಬಿಬ್ಬರಿಗೆ ತೋರಿಸಿ ಅಭಿಪ್ರಾಯ ಕೇಳುತ್ತಾರೆ. ಆ ಕರಡಿಗೆ ‘ಬೀಟಾ’ ಎಂದು ಹೆಸರು. ಒಂದು ಹಾಡನ್ನು ಹದಿನೈದಿಪ್ಪತ್ತು ಸೆಕೆಂಡುಗಳ ತುಂಡು ಮಾಡಿ, ಹಲವರು ಹಂಚಿಕೊಂಡು ಕಟ್ಟುವ ಸಹಕಾರದ ಕೃತಿಗಳೂ ಉಂಟು. ‘ಡ್ರ್ಯಾಗನ್ ಬಾಲ್’ ಚಿತ್ರಗಳಿಗೆ ‘ಲಿಂಕಿನ್ ಪಾರ್ಕ್’ ತಂಡದ ಹಾಡನ್ನು ಕೂಡಿಸಿದವರು ಎಷ್ಟು ಮಂದಿಯೆಂದರೆ ಅದು ಅವರಲ್ಲಿ ಹಳೆಯ ಹಾಸ್ಯ. ನಮ್ಮಲ್ಲಿ ಪ್ರತಿ ಶಾಲಾ ವಾರ್ಷಿಕೋತ್ಸವದಲ್ಲೂ ಅದೇ ನೃತ್ಯ ಬರುವಂತೆ. ಪೋಲೆಂಡಿನ ಒಬ್ಬಳು, ಬ್ರೆಜಿಲ್‌ನ ಒಬ್ಬ, ಇವನು: ಮೂವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಅವರ ಕರಡುಗಳನ್ನು ಮೊಮ್ಮಗ ನನಗೂ ತೋರಿಸತೊಡಗಿದ. “ಇಲ್ಲಿ ಆ ಹುಡುಗಿಗೆ ಉಸಿರಾಡಲು ಬಿಡಿ” ಎಂಬಂಥ ನನ್ನ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸುವನು. ಕೆಲವು ವಾರಗಳಲ್ಲಿ ಅವರೂ ನನ್ನನ್ನು ‘ತಾತ’ ಎಂದೇ ಕರೆಯತೊಡಗಿದರು.

ಕಳ್ಳತನದ ಪ್ರಶ್ನೆಯನ್ನು ನಾನು ಬಿಟ್ಟುಕೊಟ್ಟಿರಲಿಲ್ಲ. ಇದರಲ್ಲಿ ಹಣದ ಮಾತಿಲ್ಲವೆಂಬುದು ನಿಜ. ಆದರೂ ಹಾಡಿನ ಒಡೆಯರು ಸುಮ್ಮನಿರಲಿಲ್ಲ: 2005ರ ನವೆಂಬರಿನಲ್ಲಿ ‘ವಿಂಡ್‌ಅಪ್ ರೆಕಾರ್ಡ್ಸ್’ ಸಂಸ್ಥೆ ತನ್ನ ಕಲಾವಿದರ ಹಾಡುಗಳನ್ನು ಬಳಸಿದ ಕೃತಿಗಳನ್ನೆಲ್ಲ ತೆಗೆದುಹಾಕುವಂತೆ ಈ ಬಳಗದ ಮುಖ್ಯ ಭಂಡಾರಕ್ಕೆ ತಿಳಿಸಿ, ಬಹಳ ಜನರ ದುಡಿಮೆ ಒಮ್ಮೆಗೇ ಮರೆಯಾಯಿತು. ಕಾನೂನಿನ ದೃಷ್ಟಿಯಲ್ಲಿ ಅವರದು ತಪ್ಪೆನ್ನಲಾಗದು. ಪಂಪ ಕೂಡ ವ್ಯಾಸರ ಕಥೆಯನ್ನು ತೆಗೆದುಕೊಂಡು ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನನ್ನಾಗಿಸಿದನಲ್ಲವೇ ಎಂದು ನನಗೆ ನಾನೇ ವಾದಿಸಿ ನೋಡಿದೆ. ಆದರೆ ಪಂಪ ಪ್ರತಿ ಪದ್ಯವನ್ನೂ ತಾನೇ ಬರೆದ. ಇವರು ಒಂದು ಗೆರೆಯನ್ನೂ ಎಳೆದಿಲ್ಲ. ಈ ವಾದ ಪೂರ್ತಿ ಗೆಲ್ಲುವುದಿಲ್ಲ. ಮೂಲದವರ ಹೆಸರನ್ನು ಎಲ್ಲರೂ ತಪ್ಪದೆ ಹೇಳುತ್ತಾರೆ, ಮೂಲವನ್ನು ಕೊಂಡು ನೋಡಿ ಎನ್ನುತ್ತಾರೆ, ಆ ಚಿತ್ರಗಳನ್ನು ಅದನ್ನು ಬರೆದವರಷ್ಟೇ ಸೂಕ್ಷ್ಮವಾಗಿ ನೋಡಿರುತ್ತಾರೆ. ಇಷ್ಟನ್ನು ಮಾತ್ರ ನಾನು ಸಾಕ್ಷಿ ನುಡಿಯಬಲ್ಲೆ.

ಆ ವರ್ಷದ ಅನಿಮೆ ಎಕ್ಸ್‌ಪೋ ಸಮಾವೇಶ ಕೊರೊನಾದಿಂದ ರದ್ದಾಯಿತು. ಹುಡುಗ ಎರಡು ವಾರ ಮಂಕಾಗಿದ್ದ. ಆಗ ಮಗಳು ತನ್ನ ಪೆಟ್ಟಿಗೆಯಿಂದ ಒಂದು ಕ್ಯಾಸೆಟ್ ತಂದು ಅವನ ಮೇಜಿನ ಮೇಲಿಟ್ಟಳು. 1994ರ ಸುಮಾರಿಗೆ, ಕಲಿಯಲೆಂದು, ಅಡುಗೆಮನೆಯಲ್ಲಿ ಅಮ್ಮ ಹಾಡುತ್ತಿದ್ದ ದೇವರನಾಮವನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟದ್ದು. ನನ್ನಾಕೆ ತೀರಿಕೊಂಡ ಮೇಲೆ ನಾನು ಅದನ್ನು ಕೇಳಿರಲಿಲ್ಲ, ಕೇಳುವ ಧೈರ್ಯವಿರಲಿಲ್ಲ.

ಮೊಮ್ಮಗ ಅದಕ್ಕೆ ಮಿಯಾಝಾಕಿ ಅವರ 1988ರ ‘ಮೈ ನೇಬರ್ ಟೊಟೊರೊ’ ಚಿತ್ರವನ್ನು ಆರಿಸಿದ. ತಾಯಿ ಆಸ್ಪತ್ರೆಯಲ್ಲಿದ್ದಾಗ ಹಳ್ಳಿಯ ಮನೆಗೆ ಬಂದಿಳಿಯುವ ಇಬ್ಬರು ಅಕ್ಕತಂಗಿಯರ ಕಥೆ ಅದು. ಆದರೆ ಅಡುಗೆಮನೆಯ ಹಾಡಿಗೆ ಯಂತ್ರದ ತಾಳವಿರುವುದಿಲ್ಲ. ಒಗ್ಗರಣೆ ಹಾಕುವಾಗ ನಿಧಾನ, ಕೈ ಬಿಡುವಾದಾಗ ಚುರುಕು. ಕಂಪ್ಯೂಟರಿಗೆ ಪೆಟ್ಟು ಸಿಗದು. ಆಗ ನನ್ನ ಸರದಿ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಎಡತೊಡೆಯ ಮೇಲೆ ಆದಿತಾಳ ಹಾಕುತ್ತ, ಪ್ರತಿ ಪೆಟ್ಟಿಗೂ ಬಲಗೈಯಿಂದ ಕೀಲಿಮಣೆಯ ‘ಎಂ’ ಗುಂಡಿ ಒತ್ತುವುದು. ಒತ್ತಿದಲ್ಲೆಲ್ಲ ಪರದೆಯ ಮೇಲೆ ಒಂದು ಗುರುತು ಬೀಳುವುದು. ಆ ದನಿಯನ್ನು ಹೀಗೆ ಮೂರು ದಿನ, ಬಹುಶಃ ಇನ್ನೂರು ಸಲ ಕೇಳಿದೆ. ಮೊದಲ ದಿನ ಅತ್ತೆ. ಮೂರನೆಯ ದಿನ ಎರಡನೆಯ ಚರಣದಲ್ಲಿ ಅವಳು ಉಸಿರು ತೆಗೆದುಕೊಳ್ಳುವ ಜಾಗ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾನು ಅವಳ ಹಾಡನ್ನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

ಹಾಡಿನ ಮಧ್ಯೆ ಕುಕ್ಕರ್ ಒಂದು ಕೂಗು ಹಾಕುತ್ತದೆ. ಅದನ್ನು ಕತ್ತರಿಸಿಬಿಡು ಎಂದೆ. “ಬೇಡ ತಾತ, ಇರಲಿ” ಎಂದ. ಮುಗಿದ ಮೇಲೆ ನೋಡಿದೆ: ಮಳೆಯ ರಾತ್ರಿ, ಬಸ್ ನಿಲ್ದಾಣ, ಕೊಡೆ ಹಿಡಿದು ಅಪ್ಪನಿಗಾಗಿ ಕಾದು ನಿಂತ ಮಕ್ಕಳು. ಕತ್ತಲಲ್ಲಿ ಎರಡು ದೀಪ ಬೆಳಗಿ ಬೆಕ್ಕಿನ ರೂಪದ ಬಸ್ಸು ಓಡಿ ಬರುತ್ತದೆ. ಸರಿಯಾಗಿ ಅಲ್ಲಿಗೆ ನಮ್ಮ ಮನೆಯ ಕುಕ್ಕರು ಕೂಗಿತು! ಮಗಳು ನಗುತ್ತ ನಗುತ್ತ ಅತ್ತುಬಿಟ್ಟಳು. ‘ಇದರಲ್ಲಿ ನಿನ್ನದೇನಿದೆ’ ಎಂದು ಕೇಳಿದ್ದವನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ.

ಎರಡು ನಿಮಿಷ ನಲವತ್ತು ಸೆಕೆಂಡಿನ ಆ ಚಿತ್ರವನ್ನು ಅವನು ಸಾರ್ವಜನಿಕವಾಗಿ ಹಾಕಲಿಲ್ಲ. ಬಳಗದ ಕೆಲವರಿಗಷ್ಟೇ ತೋರಿಸಿದ. ಭಾಷೆ ತಿಳಿಯದ ಪೋಲೆಂಡಿನ ಹುಡುಗಿ ಕೇಳಿದಳಂತೆ: ಹಾಡುತ್ತಿರುವವರು ಅಡುಗೆ ಮಾಡುತ್ತಿದ್ದಾರೆಯೇ?

2021ರ ಫೆಬ್ರವರಿಯಲ್ಲಿ ಊರಿಗೆ ಮರಳಿದೆ. ಒಂದು ಕೆಲಸ ಬಾಕಿಯಿತ್ತು. ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ, 1989ರ ಆ ಹುಡುಗನನ್ನು ಹುಡುಕಿದೆ. ತಿಪಟೂರಿನಲ್ಲಿ ಅವನದೊಂದು ಸಣ್ಣ ಅಂಗಡಿ. ತಲೆ ನರೆತಿದೆ. ನನ್ನನ್ನು ಕಂಡೊಡನೆ ಎದ್ದು ನಿಂತು, ಕಾಲು ಮುಟ್ಟಿ, ಕುರ್ಚಿ ಒರೆಸಿ ಕೂರಿಸಿದ. ಹೇಗೆ ಆರಂಭಿಸಬೇಕೆಂದು ತಿಳಿಯದೆ ನೇರವಾಗಿಯೇ ಕೇಳಿದೆ: “ಒಂದು ನೋಟ್‌ಬುಕ್ ಹರಿದಿದ್ದೆನಪ್ಪಾ, ನೆನಪಿದೆಯೇ? ತಪ್ಪು ಮಾಡಿದೆ.”

ಅವನು ಮರೆತಿರುತ್ತಾನೆಂದು, ‘ಬಿಡಿ ಸಾರ್’ ಎಂದು ನಗುತ್ತಾನೆಂದು ನಾನು ಆಸೆಪಟ್ಟಿದ್ದೆ.

“ನೆನಪಿದೆ ಸಾರ್” ಎಂದ. ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿ, “ಆಮೇಲೆ ನಾನು ಇನ್ನೊಂದು ಮಾಡಲಿಲ್ಲ” ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ. ಎದುರಿನ ಹೋಟೆಲಿಗೆ ಕೂಗಿ ಎರಡು ಕಾಫಿ ಹೇಳಿದ. ಕುಡಿದೆವು. ಅವನ ಮಗಳ ಓದಿನ ವಿಚಾರ ಮಾತಾಡಿದೆವು. ಕ್ಷಮಿಸಿದನೋ ಇಲ್ಲವೋ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊಮ್ಮಗನಿಗೆ ಈಗ ಕಾಲೇಜಿನ ಓದು. ಎಡಿಟಿಂಗಿಗೆ ಬಿಡುವು ಕಡಿಮೆ. ನನ್ನಾಕೆಯ ತಿಥಿಯ ದಿನ ಸಂಜೆ ನಾನು ಆ ಚಿತ್ರವನ್ನು ತಪ್ಪದೆ ನೋಡುತ್ತೇನೆ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ಕ್ಯಾಸೆಟ್‌ಗಳಿರಬಹುದು. ತೇವಕ್ಕೆ, ಬೂಷ್ಟಿಗೆ ಅವು ಹಾಳಾಗುತ್ತವೆ. ಬಲ್ಲವರಿಗೆ ಕೊಟ್ಟು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕುಕ್ಕರಿನ ಕೂಗಿದ್ದರೆ ಕತ್ತರಿಸಬೇಡಿ. ಮತ್ತು ಈ ಪುಟವನ್ನು ಓದುವ ಮೇಷ್ಟ್ರುಗಳಿದ್ದರೆ, ಮಕ್ಕಳ ಮೇಜಿನ ಕೆಳಗೆ ಸಿಕ್ಕಿದ್ದನ್ನು ಹರಿಯುವ ಮುನ್ನ ದಯವಿಟ್ಟು ಕೊನೆಯ ಪುಟದವರೆಗೂ ಓದಿ.